ಶಂಕರ ಸುತ್ತಿದ ತಂತಿ

ಕೆ.ಆರ್. ನಗರ
23.1.2022

ಮಗಳು ಸಂಘಮಿತ್ರಂಗೆ ಚಾಮಯ್ಯನ ಆಶೀರ್ವಾದ.

ಎಲ್ಲಾ ಕ್ಷೇಮ ಅಂತ ಮೊದಲು ಬರೀಬೇಕು. ಬರೆದಿವ್ನಿ ಅಂದ್ಕೊ. ಫೋನು ಮಾಡಿ ಮಾವ ಅಂದಿದ್ದೆ. ಮೋಟಾರುಗಳ ಸದ್ದಲ್ಲಿ ನನ್ನ ಕಿವಿ ಹೋಗಿ ಎಷ್ಟು ಕಾಲ ಆಯ್ತು ನಿಂಗೇ ಗೊತ್ತು. ಫೋನು ಇಟ್ಕಂಡ್ರೆ ಜೇನುಗೂಡಿಗೆ ಕಿವಿ ಕೊಟ್ಟಂಗಾಯ್ತದೆ. ನಿಮ್ಮತ್ತೆ ಕೈಗೆ ಕೊಟ್ರೆ ಆ ಕಡೆ ನೀನೂ ಮಾತಾಡಾಕಿಲ್ಲ, ಈ ಕಡೆ ಅವಳೂ ಮಾತಾಡಾಕಿಲ್ಲ. ಅದ್ಕೇ ಕಾಗದ. ಏಳನೇ ಕ್ಲಾಸಿನ ಬರವಣಿಗೆ, ನಗಬ್ಯಾಡ.

ನೀನು ಎಚ್.ಡಿ. ಕೋಟೆ ಆಸ್ಪತ್ರೆಗೆ ವರ್ಗ ಮಾಡಿಸ್ಕಂಡು ಹೋದ ಮೇಲೆ ಶಂಕರನ ಗಿಡ ಅಂಗಡಿ ಮಾಳಿಗೆ ಮೇಲೆ ಅಂಗೇ ಅದೆ. ಕೊಪ್ಪದ ನರ್ಸರಿಯಿಂದ ತಂದು ಚಟ್ಟಿಯೊಳಗೆ ಕುಳ್ಳಗೆ ಬೆಳೆಸ್ತಿದ್ನಲ್ಲ, ಆ ಜೂನಿಪರ್ರು. ಮೊಣಕೈ ಉದ್ದದ ಗಿಡವ ನೂರು ವರ್ಸದ ಮರದಂಗೆ ಕಾಣಿಸ್ತೀನಿ ಅಂತಿದ್ದ. ಅವನು ಇದ್ದಾಗ ನಾನು ಆ ಕಡೆ ತಿರುಗಿ ನೋಡ್ಲಿಲ್ಲ. ಅಂಗಡಿ ತುಂಬ ರೈತರ ಪಂಪ್‌ಸೆಟ್ಟು ಸುಟ್ಟು ಬಿದ್ದಿರುವಾಗ ಇವನು ಗಿಡಕ್ಕೆ ತಂತಿ ಸುತ್ತಿ ವೈಂಡಿಂಗ್ ಮಾಡ್ತಾ ಕೂತವ್ನೆ ಅಂತ ಬೈತಿದ್ದೆ. ಈಗ ಬೆಳಿಗ್ಗೆ ಎದ್ದರೆ ಮೊದಲು ಅದನ್ನೇ ನೋಡಾದು.

ನಿಮ್ಮತ್ತೆ ಅದಕ್ಕೆ ದಿನಾ ಅಕ್ಕಿ ತೊಳೆದ ನೀರು ಹುಯ್ತಾಳೆ. ಒಳಭಾಗ ಒಸಿ ಹಳದಿ ಕಾಣ್ತದೆ. ಅವನು ನಿನ್ನ ತಾವ ಏನಾರ ಹೇಳಿದ್ನಾ, ನೀರೆಷ್ಟು, ಬಿಸಿಲೆಷ್ಟು ಅಂತ? ಗೊತ್ತಿದ್ರೆ ಬರಿ.

ನಿಮ್ಮತ್ತೆ ಮರಮ್ಮ ಚೆನ್ನಾಗವ್ಳೆ. ನೀನು ಮರೆತುಹೋದ ಸ್ವೆಟರು ಒಗೆದು ಮಡಿಚಿಟ್ಟವ್ಳೆ.

ಇಂತಿ,
ಚಾಮಯ್ಯ


ಹ್ಯಾಂಡ್‌ಪೋಸ್ಟ್
ಎಚ್.ಡಿ. ಕೋಟೆ ತಾಲ್ಲೂಕು, 12.2.2022

ಮಾವನವರಿಗೆ ನಮಸ್ಕಾರ.

ನಿಮ್ಮ ಕಾಗದ ಆಸ್ಪತ್ರೆಯ ವಿಳಾಸಕ್ಕೆ ಬಂತು. ಡ್ಯೂಟಿ ಮುಗಿಯುವವರೆಗೂ ಏಪ್ರನ್ ಜೇಬಿನಲ್ಲೇ ಇಟ್ಟುಕೊಂಡಿದ್ದೆ. ಮನೆಗೆ ಬಂದು ಓದಿದೆ.

ಅವರು ಹೇಳುತ್ತಿದ್ದದ್ದು ನೆನಪಿರುವಷ್ಟು ಬರೀತೀನಿ. ಈ ಗಿಡಕ್ಕೆ ಬಿಸಿಲು, ಗಾಳಿ ಬೇಕು. ಮನೆಯೊಳಗೆ ಇಟ್ಟರೆ ಸಾಯುತ್ತೆ. ಮಣ್ಣಿಗೆ ಬೆರಳು ಚುಚ್ಚಿ ನೋಡಿ, ಮೇಲಿನದು ಒಣಗಿದ್ದರೆ ಮಾತ್ರ ನೀರು. ಅಕ್ಕಿ ತೊಳೆದ ನೀರು ದಿನಾ ಹಾಕಿದರೆ ಬೇರು ಕೊಳೆಯುತ್ತೆ. ಅತ್ತೆಗೆ ಬೇಜಾರಾಗದ ಹಾಗೆ ಹೇಳಿ.

ಇನ್ನೊಂದು, ತಂತಿ. ಹೋದ ವರ್ಷ ಯುಗಾದಿಗೆ ಮುಂಚೆ ಸುತ್ತಿದ್ದರು. ನಿಮ್ಮ ಅಂಗಡಿಯ ಸುಟ್ಟ ಮೋಟಾರಿನ ತಾಮ್ರವನ್ನೇ ಬೆಂಕಿಗೆ ಹಾಕಿ ಮೆತ್ತಗೆ ಮಾಡಿಕೊಂಡು, ಒಂದು ಭಾನುವಾರ ಪೂರ್ತಿ ಕೂತು. ಕೊಂಬೆ ಬಗ್ಗಿಸಿದ ಕಡೆ ನಿಲ್ಲೋದು ಕಲಿಯೋವರೆಗೆ ಮಾತ್ರ ತಂತಿ, ಆಮೇಲೆ ಬಿಟ್ಟರೆ ತೊಗಟೆಯೊಳಗೆ ಇಳಿಯುತ್ತೆ ಅಂದಿದ್ದರು. ದೀಪಾವಳಿಗೆ ಬಿಚ್ಚಬೇಕು ಅಂತ ಅಂದುಕೊಂಡಿದ್ದರು. ಮೇ ತಿಂಗಳಲ್ಲೇ ಎಲ್ಲ ಆಗಿಹೋಯಿತು.

ದಯವಿಟ್ಟು ಬಿಚ್ಚಿಬಿಡಿ ಮಾವ.

ಅತ್ತೆಗೆ ನಾನು ಕೇಳಿದೆ ಅಂತ ಹೇಳಿ. ಹೇಳೋದು ಬೇಡ ಅನ್ನಿಸಿದರೆ ಬಿಡಿ.

ನಿಮ್ಮ
ಸಂಘಮಿತ್ರ


ಕೆ.ಆರ್. ನಗರ
30.7.2022

ಸಂಘಮಿತ್ರಾ,

ಇಷ್ಟು ದಿನ ಬರೀದೇ ಇದ್ದದ್ದು ಗಿಡದ ದೆಸೆಯಿಂದ. ಅಕ್ಕಿ ನೀರು ನಿಂತೋಯ್ತು. ಹಳದಿ ಕಮ್ಮಿ ಆಗಿ ತುದಿಯಾಗೆ ಹೊಸ ಚಿಗುರು ಬಂದದೆ.

ತಂತಿ ಮಾತ್ರ ಬಿಚ್ಚಿಲ್ಲ.

ಕಟ್ಟರ್ ಹಿಡ್ಕಂಡು ಎಷ್ಟೋ ಸಲ ಮಾಳಿಗೆ ಹತ್ತಿದೆ. ಸುಟ್ಟ ಕಾಯಿಲ್ ಕಿತ್ತು ಬಿಸಾಕಾದು ನಂಗೆ ದಿನದ ಕೂಳು ಕಣವ್ವ, ಕಣ್ಣು ಮುಚ್ಕಂಡು ಮಾಡ್ತೀನಿ. ಆದ್ರೆ ಈ ಗಿಡದ ಮುಂದೆ ಕೂತು ನೋಡ್ದೆ. ಒಂದು ಸುತ್ತಿಗೂ ಇನ್ನೊಂದು ಸುತ್ತಿಗೂ ಒಂದೇ ಅಂತರ. ಎಲ್ಲೂ ಸಡಿಲ ಇಲ್ಲ, ಎಲ್ಲೂ ಬಿಗಿ ಇಲ್ಲ. ಅವನು ಚಿಕ್ಕೋನಾಗಿದ್ದಾಗ ನಾನೇ ಕೈ ಹಿಡ್ದು ಕಲಿಸಿದ ಸುತ್ತು ಅದು. ಗೋಡೆ ಮೇಲಿನ ಫೋಟೋದಾಗೂ ಅವನು ಇಷ್ಟು ಇಲ್ಲ. ಎಂಗೆ ಕತ್ತರಿಸ್ಲಿ?

ಇನ್ನೊಂದು ಮಾತು ಬರೆದುಬುಡ್ತೀನಿ. ಶಂಕರ ಹೋದ ದಿನ ನೀನು ಕೋವಿಡ್ ವಾರ್ಡಿನ ಡ್ಯೂಟಿ ಬಟ್ಟೆಯಾಗೇ ಅಂಗಳದಲ್ಲಿ ನಿಂತಿದ್ದಾಗ ನಿಮ್ಮತ್ತೆ 'ಆಸ್ಪತ್ರೆಯಿಂದ ಈ ರೋಗವ ಮನೆಗೆ ತಂದೋಳು ನೀನೇ' ಅಂದ್ಲು. ಮಾವಂಗೆ ಕೇಳಿಸಿರಾಕಿಲ್ಲ ಅಂತ ನೀನು ತಿಳ್ಕಂಡಿದ್ದೀಯ. ಕೇಳಿಸ್ತು. ಕಿವುಡಂಗೆ ಕೇಳಬಾರದ್ದು ಮಾತ್ರ ಕೇಳ್ತದೆ. ಅದು ಹೊಟ್ಟೆ ಉರಿದು ಬಂದ ಮಾತು ಕಣವ್ವ, ಅವಳ ಮಾತಲ್ಲ. ಅಂಗಂತ ನಾನು ಹೇಳಿದ್ರೆ ಆ ಮಾತು ವಾಪಸ್ ಹೋಗಾಕಿಲ್ಲ, ಗೊತ್ತು.

ಉಣ್ಣಾದು ಬುಡಬ್ಯಾಡ.

ಚಾಮಯ್ಯ


ಹ್ಯಾಂಡ್‌ಪೋಸ್ಟ್
5.3.2023

ಮಾವನವರಿಗೆ,

ತಡವಾಗಿ ಬರೀತಿದ್ದೀನಿ. ನಿಮ್ಮ ಹಿಂದಿನ ಕಾಗದಕ್ಕೆ ಉತ್ತರ ಬರೆಯೋಕೆ ಕೂತು ಎದ್ದದ್ದು ಬಹಳ ಸಲ.

ಹೋದ ವಾರ ವಾರ್ಡಿಗೆ ಒಬ್ಬ ಅಜ್ಜಿ ಬಂದರು, ಅಂತರಸಂತೆ ಕಡೆಯವರು. ಕೈ ಊದಿ ಬೆರಳಿನ ಉಂಗುರ ಮಾಂಸದೊಳಗೆ ಇಳಿದಿತ್ತು. ಬೆರಳು ನೀಲಿಗಟ್ಟುತ್ತಿತ್ತು. ಕತ್ತರಿಸೋಕೆ ಹೋದರೆ ಕೈ ಎಳೆದುಕೊಂಡರು. 'ನನ್ ಯಜಮಾನ ಹಾಕಿದ್ದು ಕಣವ್ವ, ಪ್ರಾಣ ಹೋದ್ರೂ ತೆಗೀಕಿಲ್ಲ' ಅಂತ ಅಳು. ನಾನು ಪಕ್ಕದಲ್ಲಿ ಕೂತೆ. ಯಜಮಾನರು ಹೇಗಿದ್ದರು ಅಂತ ಕೇಳಿದೆ. ಹೇಳುತ್ತಾ ಹೇಳುತ್ತಾ ಕೈ ಸಡಿಲ ಬಿಟ್ಟರು. ಡಾಕ್ಟರು ಕತ್ತರಿಸಿ ತೆಗೆದರು. ತುಂಡಾದ ಉಂಗುರ ಹತ್ತಿಯಲ್ಲಿ ಸುತ್ತಿ ಅವರ ಕೈಗೇ ಕೊಟ್ಟೆ. ಸೆರಗಿಗೆ ಕಟ್ಟಿಕೊಂಡು ಮಲಗಿದರು. ಮಾರನೆಯ ದಿನ ಬೆರಳು ಕೆಂಪಗಾಗಿತ್ತು.

ಮಾವ, ತಂತಿ ತೆಗೆದರೆ ಅವರು ಮಾಡಿದ ತಿರುವು ಹೋಗಲ್ಲ. ತಿರುವು ಕೊಂಬೆಯಲ್ಲಿದೆ, ತಂತಿಯಲ್ಲಿಲ್ಲ. ನಿಮಗೆ ಆಗದಿದ್ದರೆ ಕೊಪ್ಪದ ಖದೀರ್ ಸಾಹೇಬರ ಹತ್ತಿರ ತಗೊಂಡು ಹೋಗಿ. ಅವರೇ ಇವರಿಗೆ ಗಿಡ ಮಾರಿ ಕೆಲಸ ಕಲಿಸಿದವರು.

ಸಂಘಮಿತ್ರ


ಕೆ.ಆರ್. ನಗರ
16.7.2023

ಮಗಳು ಸಂಘಮಿತ್ರಂಗೆ,

ಹೋಗಿಬಂದೊ.

ನಿನ್ನ ಕಾಗದ ನಿಮ್ಮತ್ತೆಗೆ ಓದಿದ್ದೆ. ಉಂಗುರದ ಕತೆ ಬಂದಾಗ ರಾಗಿ ಕೇರಾದು ನಿಲ್ಲಿಸಿದ್ಲು. ಆದ್ರೂ ನಾನು ಇವತ್ತು ನಾಳೆ ಅಂತ ದಿನ ತಳ್ಳಿದೆ. ಈಗ ಹೆಂಗಸ್ರಿಗೆ ಬಸ್ಸು ಪುಕ್ಕಟೆ ಆಯ್ತಲ್ಲ, 'ಇನ್ನೇನು ನೆವ ಹೇಳ್ತೀಯ, ನಡಿ' ಅಂತ ಅವಳೇ ಹೊರಡಿಸಿದ್ಲು. ಗಿಡವ ತೊಡೆ ಮೇಲೆ ಇಟ್ಕಂಡು ಕೂತ್ಲು. ಕಂಡಕ್ಟರು 'ಏನಜ್ಜಿ, ಮೊಮ್ಮಗನಾ?' ಅಂತ ತಮಾಸೆ ಮಾಡ್ದ. ಇವಳು ನಗ್ಲಿಲ್ಲ. 'ಮಗ' ಅಂದ್ಲು. ಹುಣಸೂರಲ್ಲಿ ಬಸ್ಸು ಬದಲಾಯಿಸೋವರೆಗೂ ಅವನು ಈ ಕಡೆ ತಲೆ ಹಾಕ್ಲಿಲ್ಲ.

ಖದೀರ್ ಸಾಬ್ರು ಗಟ್ಟಿ ಗಂಟಲಿನವರು, ನಂಗೂ ಕೇಳ್ತಿತ್ತು. ಗಿಡ ನೋಡ್ತಿದ್ದಂಗೇ 'ಇದು ನಮ್ಮ ಶಂಕರನ ಕೈ. ಇಷ್ಟು ದಿನ ತಂತಿ ಬಿಟ್ಟವ್ನಲ್ಲ ಪೆದ್ದ, ಎಲ್ಲಿ ಅವನು? ಕರೀರಿ ಒಸಿ ಬೈಬೇಕು' ಅಂದ್ರು. ನಿಮ್ಮತ್ತೆ 'ಕೊರೋನಾದಾಗೆ ಹೋದ ಸಾಬ್ರೇ' ಅಂದ್ಲು.

ಅವರು ಬೋರಲು ಹಾಕಿದ್ದ ಒಂದು ಕುಂಡದ ಮೇಲೆ ಕೂತ್ಕಂಡ್ರು. ಅವರ ಹೆಂಡ್ರು ದಿಲ್ಶಾದ್ ಬೇಗಂ ಅಂತೆ, ಆಯಮ್ಮನೂ ಅದೇ ಕಾಲದಾಗೆ ಹೋದ್ರಂತೆ. 'ಮನೇಲಿ ಮೊದಲು ಕೆಮ್ಮಿದೋನು ನಾನು ಕಣಮ್ಮ. ಸಸಿ ಲೋಡು ತರೋಕೆ ಹೋಗಿ ಬಂದಿದ್ದೆ. ನಮ್ಮ ಮಗ ಫೈಸಲ್ ಇವತ್ತಿನವರೆಗೂ, ಅಬ್ಬಾ ನೀವೇ ತಂದಿದ್ದು ಅಂತ ಒಂದು ಮಾತು ಅಂದಿಲ್ಲ. ಅಂದಿದ್ರೆ ನಾನು ಇವತ್ತು ಈ ಗಿಡಗಳ ನಡುವೆ ನಿಂತಿರ್ತಿರ್ಲಿಲ್ಲ' ಅಂದ್ರು.

ನಿಮ್ಮತ್ತೆ ಚಟ್ಟಿ ಮಣ್ಣಿನ ಮೇಲಿನ ಒಣ ಎಲೆ ಹೆಕ್ತಾ ಕೂತ್ಲು.

ಸಾಬ್ರು ತಂತಿ ಬಿಚ್ಚಲಿಲ್ಲ. ಒಂದೊಂದು ಸುತ್ತನ್ನೂ ಸಣ್ಣ ಕಟ್ಟರಿಂದ ತುಂಡು ಮಾಡಿ ಉದುರಿಸಿದ್ರು. ಬಿಚ್ಚಕ್ಕೆ ಹೋದ್ರೆ ತೊಗಟೆ ಕಿತ್ತು ಬತ್ತದಂತೆ. ಬಲಗಡೆಯ ಕೆಳಗಿನ ಕೊಂಬೆ ಆಗಲೇ ಸತ್ತಿತ್ತು. 'ಹಸುರಾಗೇ ಅದಲ್ಲ!' ಅಂತ ನಿಮ್ಮತ್ತೆ ಜಗಳಕ್ಕೆ ನಿಂತ್ಲು. ಈ ಗಿಡ ಅಂಗೇ ಅಂತೆ, ಜೀವ ಹೋಗಿ ತಿಂಗಳಾದ್ರೂ ಹಸಿರು ಕಾಣಿಸ್ತದಂತೆ. ಉಗುರಲ್ಲಿ ಕೆರೆದು ತೋರಿಸಿದ್ರು, ಒಳಗೆ ಒಣಕಲು. ಆದ್ರೆ ಕೊಯ್ದು ಹಾಕ್ಲಿಲ್ಲ. ತೊಗಟೆ ಸುಲಿದು ಬರಿ ಕಟ್ಟಿಗೆ ಮಾಡಿ, ಸುಣ್ಣ ಗಂಧಕ ಕಾಯಿಸಿದ ನೀರು ಬಳಿದ್ರು. ಒಣಗಿ ಮೂಳೆಯಂಗೆ ಬೆಳ್ಳಗಾಯ್ತದೆ, ಬೆಟ್ಟದ ಮೇಲಿನ ಹಳೇ ಮರದಾಗೆ ಇಂಗೇ ಇರ್ತದೆ ಅಂದ್ರು. ಬಸ್ಸೆಲ್ಲ ಕೊಳೆತ ಮೊಟ್ಟೆ ವಾಸ್ನೆ. ಎಲ್ಲಾರೂ ನನ್ನೇ ನೋಡ್ತಿದ್ರು.

ಬರುವಾಗ ನಿಮ್ಮತ್ತೆ ಹುಣಸೂರು ಸ್ಟ್ಯಾಂಡಿನಾಗೆ ಇಳಿದಾಗ 'ಕೋಟೆ ಬಸ್ಸು ಎಲ್ಲಿ ನಿಲ್ತದೆ?' ಅಂತ ಕೇಳಿದ್ಲು. ಯಾಕೆ ಅಂದೆ. ಸುಮ್ಕೆ ಅಂದ್ಲು.

ಚಾಮಯ್ಯ


ಹ್ಯಾಂಡ್‌ಪೋಸ್ಟ್
8.10.2023

ಮಾವನವರಿಗೆ ನಮಸ್ಕಾರ.

ಕೊಪ್ಪದ ಕಾಗದವನ್ನು ಎಷ್ಟು ಸಲ ಓದಿದೆನೋ. ಮೊದಲ ಸಲ ಓದಿದ್ದು ಆಸ್ಪತ್ರೆಯ ಲ್ಯಾಬಿನ ಪಕ್ಕದ ಕಟ್ಟೆಯ ಮೇಲೆ. ನಮ್ಮ ಲ್ಯಾಬ್ ಟೆಕ್ನಿಷಿಯನ್ ಮಹೇಂದ್ರ ಅಂತ ಇದ್ದಾರೆ, ಸರಗೂರಿನವರು. ಅಳುತ್ತಿರೋದು ನೋಡಿ ಏನೂ ಕೇಳದೆ ಒಂದು ಟೀ ತಂದಿಟ್ಟು ಹೋದರು.

ಗಿಡ ಈಗ ಹೇಗಿದೆ? ತುದಿಯನ್ನು ಚಪ್ಪಟೆಯಾಗಿ ಅಗಲ ಮಾಡಬೇಕು, ಚೂಪಾಗಿ ಬಿಟ್ಟರೆ ಎಳೆ ಗಿಡದ ಹಾಗೆ ಕಾಣುತ್ತೆ ಅಂತ ನಿಮ್ಮ ಮಗ ಹೇಳುತ್ತಿದ್ದರು. ಎಡಗಡೆಯ ಕೊಂಬೆ ಕೆಳಗೆ ಇಳಿಬಿದ್ದಿರಬೇಕಂತೆ, ಹಿಮದ ಭಾರಕ್ಕೆ ಬಗ್ಗಿದ ಹಾಗೆ. ನಮ್ಮ ಊರಲ್ಲಿ ಹಿಮ ಎಲ್ಲಿಂದ ತರ್ತೀರಿ ಅಂತ ನಾನು ನಗುತ್ತಿದ್ದೆ. ಮಹೇಂದ್ರ ಅವರಿಗೂ ಇದನ್ನೆಲ್ಲ ಹೇಳಿದೆ. ಅವರೂ ನಕ್ಕರು, ಒಂದು ಸಲ ಆ ಗಿಡ ನೋಡಬೇಕು ಅಂದರು. ಈ ಕಾಗದ ಪೋಸ್ಟ್ ಮಾಡುವವರೂ ಅವರೇ, ಕೋಟೆ ಪೇಟೆ ಕಡೆ ಹೋಗುತ್ತಿದ್ದಾರೆ.

ಇನ್ನೇನೋ ಬರೆಯಬೇಕು ಅಂತ ಕೂತಿದ್ದೆ. ಇನ್ನೊಮ್ಮೆ ಬರೀತೀನಿ.

ಸಂಘಮಿತ್ರ


ಕೆ.ಆರ್. ನಗರ
22.10.2023

ಸಂಘಮಿತ್ರಾ,

ಗಿಡಕ್ಕೆ ಸಿಟ್ಟು ಬಂದದೆ. ಸಾಬ್ರು ಉಗುರಲ್ಲಿ ಒಸಿ ಒಸಿ ಚಿವುಟಿ ಅಂದಿದ್ರು. ನಾನು ಕತ್ತರಿ ಹಾಕಿ ಕ್ಷೌರ ಮಾಡ್ದಂಗೆ ಮಾಡ್ಬುಟ್ಟೆ. ಮೆತ್ತಗೆ ಹಗ್ಗದಂಗಿದ್ದ ಎಲೆ ಹೋಗಿ ಚುಚ್ಚೋ ಮುಳ್ಳೆಲೆ ಬಂದದೆ. ಅತಿಯಾಗಿ ಕತ್ತರಿಸಿದ್ರೆ ಅಂಗೇ ಆಗಾದಂತೆ. ಮುಟ್ಟದೆ ಒಂದೆರಡು ವರ್ಸ ಬುಟ್ರೆ ತಾನೇ ಮೆತ್ತಗಾಯ್ತದಂತೆ. 'ಮೋಟಾರು ಮೋಟಾರೇ, ಗಿಡ ಗಿಡವೇ' ಅಂತ ನಿಮ್ಮತ್ತೆ ನನ್ನ ಮಾನ ಕಳೆದ್ಲು.

ನೀನು ಬರೀದೇ ಬುಟ್ಟದ್ದು ನಂಗೆ ಕಾಣಿಸ್ತು ಕಣವ್ವ. ಮಹೇಂದ್ರ ಅನ್ನೋನ ಸುದ್ದಿ ಆ ಕಾಗದದಾಗೆ ಗಳಿಗೆಗೊಂದು ಸಲ ಬಂದದೆ. ಒಳ್ಳೇವ್ನಾ? ಕುಡೀತಾನಾ? ನಿನ್ನ ಮಾತು ಕೇಳ್ತಾನಾ? ಈ ಮೂರು ನೋಡ್ಕೊ. ಮಿಕ್ಕದ್ದಕ್ಕೆ ನಮ್ಮ ಮುಖ ನೋಡಬ್ಯಾಡ. ನೀನು ಇನ್ನೂ ಎಳೇ ಹುಡುಗಿ.

ಮರಮ್ಮಂಗೆ ಹೇಳ್ದೆ. ಎದ್ದು ಹೋಗಿ ದೀಪ ಹಚ್ಚಿದ್ಲು. ಆಮೇಲೆ ಅನ್ನ ಇಕ್ಕುವಾಗ 'ಆ ಹುಡುಗಂಗೆ ತಾಯಿ ಅವ್ಳಾ?' ಅಂತ ಕೇಳಿದ್ಲು.

ಚಾಮಯ್ಯ


ಹ್ಯಾಂಡ್‌ಪೋಸ್ಟ್
24.3.2024

ಪೂಜ್ಯರಿಗೆ,

ಮೇಲೆ ಏನಂತ ಬರೆಯಬೇಕೋ ತಿಳಿಯದೆ ಹೀಗೆ ಬರೆದೆ. ಮಾವ ಅಂತ ಕರೆಯುವ ಹಕ್ಕು ಈಗ ನನಗಿದೆಯೋ ಇಲ್ಲವೋ, ನೀವೇ ಹೇಳಿ.

ಮೊನ್ನೆ ನಮ್ಮ ಮದುವೆಗೆ ನೀವು ಆ ಬಿಸಿಲಲ್ಲಿ ಬಂದಿರಿ. ಬುದ್ಧವಂದನೆ ಮುಗಿಯುವವರೆಗೂ ಹಿಂದಿನ ಸಾಲಿನಲ್ಲೇ ಕೂತಿದ್ದಿರಿ. ಮಹೇಂದ್ರ ಬಂದು ಕೈ ಹಿಡಿದು ಮುಂದೆ ಕರೆದುಕೊಂಡು ಬಂದಾಗ ನೀವು ಅತ್ತದ್ದನ್ನು ಯಾರೂ ನೋಡಲಿಲ್ಲ, ನಾನೊಬ್ಬಳೇ ನೋಡಿದೆ.

ಅತ್ತೆ ಬರಲಿಲ್ಲ. ಬರುತ್ತಾರೆ ಅಂತ ನಾನು ಅಂದುಕೊಂಡಿರಲಿಲ್ಲ. ಆದರೂ ಬಾಗಿಲಿನ ಕಡೆ ನೋಡುತ್ತಲೇ ಇದ್ದೆ.

ಸಂಘಮಿತ್ರ


ಕೆ.ಆರ್. ನಗರ
14.7.2024

ಮಗಳು ಸಂಘಮಿತ್ರಂಗೆ ಮಾವ ಚಾಮಯ್ಯನ ಆಶೀರ್ವಾದ.

ಮೇಲೆ ಬರೆದಿವ್ನಿ, ನೋಡ್ಕೊ. ಇನ್ನು ಆ ಮಾತು ಕೇಳಬ್ಯಾಡ.

ಮಳೆ ಶುರುವಾಯ್ತು ಅಂತ ಗಿಡವ ಹೊಸ ಕುಂಡಕ್ಕೆ ಹಾಕ್ದೊ. ನಾನು ಹಾಕ್ದೊ ಅಂತ ಬರೆದದ್ದು ಬೇಕಂತಲೇ. ನಿಮ್ಮತ್ತೆ ಒಬ್ಬಳೇ ಕೊಪ್ಪಕ್ಕೆ ಹೋಗಿ, ಅಂಗೈಯಷ್ಟು ಆಳದ ಉದ್ದನೆಯ ಕುಂಡ ಆರಿಸ್ಕಂಡು ಬಂದಿದ್ಲು. ನಂಗೆ ಹೇಳಿದ್ದು ಅಕ್ಕನ ಮನೆಗೆ ಅಂತ. ಇಟ್ಟಿಗೆ ಚೂರು ಕುಟ್ಟಿ ಜರಡಿ ಹಿಡಿದು ದಪ್ಪ ಮರಳು ಬೆರೆಸಿದ್ಲು. ನಾನು ಬೇರು ಬಿಡಿಸ್ದೆ. ಚಟ್ಟಿಯೊಳಗೆ ಹಾವಿನಂಗೆ ಸುತ್ಕಂಡಿದ್ವು. ಪೂರ್ತಿ ಮಣ್ಣು ಕೊಡವಬಾರದು, ಒಸಿ ಹಳೇದು ಬೇರಿನ ಜೊತೇಲೇ ಇರಬೇಕು ಅಂತ ಸಾಬ್ರು ಹೇಳಿ ಕಳಿಸಿದ್ರಂತೆ. ಗಾಳಿಗೆ ಅಲ್ಲಾಡದಂಗೆ ಕುಂಡದ ತೂತಿಂದ ತಂತಿ ತಂದು ಬುಡ ಕಟ್ಟಿದೆ. ಈ ತಂತಿ ನಂದು. ಯಾವಾಗ ತೆಗೀಬೇಕು ಅಂತ ಗೋಡೆ ಮೇಲೆ ಸೀಮೆಸುಣ್ಣದಾಗೆ ಬರೆದಿವ್ನಿ.

ಮುಳ್ಳೆಲೆ ಒಂದೊಂದೇ ಮೆತ್ತಗಾಗ್ತಾ ಅವೆ. ಎಡಗಡೆ ಕೊಂಬೆ ಅವನು ಬಗ್ಗಿಸಿದ ಕಡೆಯೇ ನಿಂತದೆ, ತಂತಿ ಇಲ್ದೇನೆ. ನೀನು ಹೇಳಿದ್ದು ನಿಜ.

ಅಳಿಯಂದಿರಿಗೆ ಕೇಳ್ದೆ ಅಂತ ಹೇಳು.

ಚಾಮಯ್ಯ


ಹ್ಯಾಂಡ್‌ಪೋಸ್ಟ್
2.3.2025

ಮಾವನವರಿಗೆ ನಮಸ್ಕಾರ.

ಒಂದು ಸುದ್ದಿ. ನನಗೆ ಈಗ ಏಳು ತಿಂಗಳು. ಇಷ್ಟು ದಿನ ಯಾಕೆ ತಿಳಿಸಲಿಲ್ಲ ಅಂತ ಕೇಳಬೇಡಿ. ಶಂಕರ್ ಇದ್ದಾಗ ನಮಗೆ ಆಗಲಿಲ್ಲವಲ್ಲ, ಅದರಿಂದ ಅತ್ತೆಗೆ ಎಷ್ಟು ನೋವಾಗಿತ್ತು ಅಂತ ನನಗೆ ಗೊತ್ತು. ಅದಕ್ಕೇ ಅವರಿಗೆ ಹೇಳಬೇಡಿ.

ನನಗೆ ಅಮ್ಮ ಇಲ್ಲ. ಮಹೇಂದ್ರ ಅವರ ತಾಯಿಗೆ ಪಾರ್ಶ್ವವಾಯು ಆಗಿ ಹಾಸಿಗೆಯಲ್ಲಿದ್ದಾರೆ. ಬಾಣಂತನಕ್ಕೆ ಇಲ್ಲೇ ಒಬ್ಬ ಹೆಂಗಸನ್ನು ಗೊತ್ತು ಮಾಡಿದ್ದೀವಿ. ನೀವು ಚಿಂತೆ ಮಾಡಬೇಡಿ. ನಾನು ನರ್ಸ್, ನನಗೆ ಎಲ್ಲ ಗೊತ್ತಿದೆ.

ಸಂಘಮಿತ್ರ


ಕೆ.ಆರ್. ನಗರ
6.4.2025

ಸಂಘಮಿತ್ರಾ,

ಹೇಳಬ್ಯಾಡ ಅಂದಿದ್ದೆ, ಹೇಳ್ಲಿಲ್ಲ. ಆದ್ರೆ ಕಿವುಡರು ಕಾಗದವ ಗಟ್ಟಿಯಾಗಿ ಓದ್ಕತಾರೆ, ಅದು ನಂಗೆ ಗೊತ್ತಾಗಾಕಿಲ್ಲ.

ನಿಮ್ಮತ್ತೆ ಒಣಶುಂಠಿ, ಮೆಣಸು, ಹಿಪ್ಪಲಿ ಎಲ್ಲ ಹುರಿದು ಕುಟ್ತಾವ್ಳೆ. ಹಳೇ ಪಂಚೆ, ಸೀರೆ ಕುದಿಸಿ ಒಣಗಾಕವ್ಳೆ. ಯಾರಿಗೆ ಅಂತ ನಾನು ಕೇಳ್ಲಿಲ್ಲ. ನೀನೂ ಕೇಳಬ್ಯಾಡ.

ಚಾಮಯ್ಯ


ಹ್ಯಾಂಡ್‌ಪೋಸ್ಟ್
8.6.2025

ಮಾವನವರಿಗೆ,

ಇದು ಅತ್ತೆ ಹೇಳಿ ಬರೆಸುತ್ತಿರುವ ಕಾಗದ. ಅವರು ಹೇಳಿದ ಹಾಗೇ ಬರೀಬೇಕಂತೆ.

'ಕೂಸು ಹೆಣ್ಣು, ಚೆನ್ನಾಗದೆ. ಕಪ್ಪಗದೆ, ಗಟ್ಟಿ ಅದೆ. ನಾನು ಈಗ್ಲೇ ಬರಾಕಿಲ್ಲ. ಸಾರಿಗೆ ಉಪ್ಪು ನೋಡ್ಕಂಡು ಹಾಕ್ಕೊ. ಗಿಡಕ್ಕೆ ಮಳೆ ಬಂದ ದಿನ ನೀರು ಹುಯ್ಯಬ್ಯಾಡ, ಕುಂಡ ವಾರೆ ಇಡು, ನೀರು ನಿಲ್ದಂಗೆ. ಕತ್ತರಿ ಮುಟ್ಟಿದ್ರೆ ನನ್ನಾಣೆ. ನೋಡಕ್ಕೆ ಬರಾಗ ಅದನ್ನ ಬಸ್ಸಿನಾಗೆ ಹೊತ್ಕಂಡು ಬರಬ್ಯಾಡ, ಬರಿ ಕೈಲಿ ಬಾ.'

ಒಲೆಗೆ ಸೌದೆ ಹಾಕಲು ಹೋದರು. ಇನ್ನು ನನ್ನ ಮಾತು.

ಮಾವ, ನಾವು ಆಸ್ಪತ್ರೆಯಿಂದ ಮಗು ಎತ್ತಿಕೊಂಡು ಮನೆಗೆ ಬಂದಾಗ ಅತ್ತೆ ಹೊಸ್ತಿಲ ಹತ್ತಿರ ಗಂಟು ಇಟ್ಟುಕೊಂಡು ಕೂತಿದ್ದರು. ನಾವು ಗೊತ್ತು ಮಾಡಿದ್ದ ಹೆಂಗಸನ್ನು ಆಗಲೇ ಮಾತಾಡಿ ಕಳಿಸಿಯಾಗಿತ್ತು. ಏನು ಹೇಳುತ್ತಾರೋ ಅಂತ ನಿಂತೆ. 'ತಲೆಗೆ ಬಟ್ಟೆ ಕಟ್ಟು, ಗಾಳಿ ಹೊಡೀತದೆ' ಅಂದರು. ಮಗುವನ್ನು ಇಸಿದುಕೊಂಡು ಒಳಗೆ ಹೋದರು. ಅಷ್ಟೇ. ಅಂದಿನಿಂದ ನನ್ನ ಬೆನ್ನಿಗೆ ಎಣ್ಣೆ ತಿಕ್ಕುವಾಗಲೂ, ಖಾರದನ್ನ ಕಲಸಿ ಕೊಡುವಾಗಲೂ ಹಳೆಯದೊಂದೂ ಎತ್ತಿಲ್ಲ. ನಾನೂ ಎತ್ತಿಲ್ಲ. ಅವರ ಕೈ ಮಾತ್ರ ಬೆನ್ನಿನ ಮೇಲೆ ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ಇರುತ್ತೆ.

ಇವತ್ತು ಬೆಳಿಗ್ಗೆ ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುತ್ತಿದ್ದರು. ಮಗು ಬೀದಿಗೆಲ್ಲ ಕೇಳುವ ಹಾಗೆ ಕಿರುಚಿಕೊಂಡಿತು. ಅತ್ತೆ ನಕ್ಕುಬಿಟ್ಟರು. 'ನಮ್ ಶಂಕರನೂ ಇಂಗೇ ಅರಚೋನು' ಅಂದರು. ಅಂದವರೇ ಚೊಂಬು ಹಿಡಿದ ಕೈ ಹಾಗೇ ನಿಲ್ಲಿಸಿದರು. ನಾಲ್ಕು ವರ್ಷದಲ್ಲಿ ನನ್ನ ಎದುರಿಗೆ ಆ ಹೆಸರು ಅವರ ಬಾಯಲ್ಲಿ ಬಂದದ್ದು ಅದೇ ಮೊದಲು. ನಾನು ಮಹೇಂದ್ರ ಅವರ ಮುಖ ನೋಡಿದೆ. ಅವರು ಬಚ್ಚಲ ಬಾಗಿಲಲ್ಲಿ ಟವಲು ಹಿಡಿದು ನಿಂತಿದ್ದರು. ಒಂದು ಹೆಜ್ಜೆ ಒಳಗೆ ಬಂದು ಅಲ್ಲೇ ಕುಕ್ಕರಗಾಲಲ್ಲಿ ಕೂತರು.

'ಚಿಕ್ಕವರಿದ್ದಾಗ ಹೇಗಿದ್ದರಮ್ಮ ಅವರು?' ಅಂದರು.

ಅತ್ತೆ ಇನ್ನೊಂದು ಚೊಂಬು ನೀರು ತುಂಬಿಕೊಂಡರು. ಆಮೇಲೆ ಹೇಳೋಕೆ ಶುರು ಮಾಡಿದರು. ಮಗುವಿಗೆ ನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಟ್ಟು, ತೊಟ್ಟಿಲಿಗೆ ಹಾಕಿಯಾಯಿತು. ಈ ಕಾಗದ ಬರೆದೂ ಮುಗಿಯಿತು. ಈಗ ಅತ್ತೆ ಒಲೆಯ ಮುಂದೆ ಕೂತಿದ್ದಾರೆ, ಮಹೇಂದ್ರ ಎದುರಿಗೆ ಕೂತಿದ್ದಾರೆ. ಅತ್ತೆ ಇನ್ನೂ ಹೇಳುತ್ತಲೇ ಇದ್ದಾರೆ ಮಾವ. ಶಂಕರ್ ಈಗಷ್ಟೇ ಎರಡನೇ ಕ್ಲಾಸಿಗೆ ಬಂದರು.

ನಿಮ್ಮ
ಸಂಘಮಿತ್ರ